ಮೇಜಿನ ಮೇಲಿನ ತಲೆ

“ದೇಹ ಮಾಯವಾದ ಹೆಂಗಸನ್ನ ನೋಡಿ! ಶಾಪ ಸ್ವಾಮೀ, ಶಾಪ!” ಮೇಜಿನಿಂದ ತುಸು ದೂರ ನಿಂತು ಅವಳ ಭಾವ ಗಂಟಲು ಹರಿದುಕೊಳ್ಳುತ್ತಿದ್ದ.

ಶಾಪವೂ ಇಲ್ಲ, ಮಣ್ಣೂ ಇಲ್ಲ. ಮೇಜಿನ ಕಾಲುಗಳ ನಡುವೆ ಎರಡು ಕನ್ನಡಿಗಳನ್ನು ಓರೆಯಾಗಿ ನಿಲ್ಲಿಸಿದರೆ ಅವು ಅಕ್ಕಪಕ್ಕದ ಕರಿಪರದೆಗಳನ್ನು ತೋರಿಸುತ್ತವೆ. ಜನ ಅದನ್ನೇ ಹಿಂದಿನ ಪರದೆ ಎಂದುಕೊಳ್ಳುತ್ತಾರೆ. ಬೆಳಕು ಎಲ್ಲಿ ತಿರುಗಿತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಕನ್ನಡಿಗಳ ಹಿಂದೆ ಅವಳು ಮೈ ಮುದುಡಿಕೊಂಡು ಕೂತಿದ್ದಳು. ಗಂಡ ಸತ್ತ ಮೇಲೆ ಅವಳಿಗೂ ಮಗಳಿಗೂ ಭಾವನ ಈ ಆಟದ ಡೇರೆಯೇ ಮನೆ. ಮೇಜಿನ ಹಲಗೆ ಎರಡು ಹೋಳು. ಅವಳ ಕತ್ತಿನ ಸುತ್ತ ಕೂಡಿಸಿ ಚಿಲಕ ಹಾಕುವವನು ಭಾವ, ತೆಗೆಯುವವನೂ ಅವನೇ. ಮೂಗು ತುರಿಸಿದರೂ ದೇವರೇ ಗತಿ.

ಮಗುವನ್ನು ಮಾತ್ರ ಒಳಗೆ ಬಿಡಬೇಡಿ ಎಂದು ಅವಳು ಬೇಡಿಕೊಂಡಿದ್ದಳು. ನಾಲ್ಕು ವರ್ಷದ್ದಕ್ಕೆ ಕನ್ನಡಿಯ ಕರಾಮತ್ತು ಹೇಗೆ ತಿಳಿಸಿ ಹೇಳುವುದು?

ಆ ಮಧ್ಯಾಹ್ನ ಜನರ ಕಾಲುಗಳ ಸಂದಿಯಿಂದ ಮಗಳು ನುಸುಳಿ ಬಂದೇಬಿಟ್ಟಳು. ಅಮ್ಮನ ತಲೆ ನೋಡಿದಳು. ಕೆಳಗೆ ನೋಡಿದಳು. ಕಿಟಾರನೆ ಕಿರುಚಿದಳು.

“ಅಮ್ಮಂಗೆ ಮೈ ಇಲ್ಲ!”

“ಇದ್ದೀನಿ ಪುಟ್ಟಿ, ಇಲ್ಲೇ ಇದ್ದೀನಿ! ಭಾವ, ಚಿಲಕ ತೆಗೀರಿ!”

ಜನ ಚಪ್ಪಾಳೆ ತಟ್ಟಿದರು. ಇದೂ ಆಟದಲ್ಲಿ ಸೇರಿದ್ದೇ ಎಂದುಕೊಂಡರು ಪುಣ್ಯಾತ್ಮರು. ಭಾವ ಹಲ್ಲು ಕಿರಿದ.

“ನೋಡಿದ್ರಾ, ಹೆತ್ತ ಮಗಳ ಕಣ್ಣಿಗೂ ಬೀಳ್ತಿಲ್ಲ!” ಎಂದವನೇ ಬಂದು ಅವಳ ಕಿವಿಯ ಹತ್ತಿರ ಬಗ್ಗಿ, “ಸುಮ್ನಿರು. ಆಟ ಕೆಟ್ರೆ ತಾಯಿ ಮಗಳಿಬ್ರೂ ಬೀದಿಪಾಲು,” ಎಂದ.

ಮಗುವಿಗೆ ಅಳಲೂ ಆಗದೆ ಉಸಿರು ಸಿಕ್ಕಿಕೊಂಡಿತು. ಬೀದಿಯಾದರೆ ಬೀದಿ! ತಾಯಿ ಎರಡೂ ಕಾಲಿನಿಂದ ಕನ್ನಡಿಗೆ ಒದ್ದಳು.

ಗಾಜು ಚೂರುಚೂರಾಗಿ ನೆಲಕ್ಕೆ ಸುರಿಯಿತು. ರಕ್ತ ಜಿನುಗುವ ಎರಡು ಪಾದಗಳು ಊರಿಗೆಲ್ಲ ಕಂಡವು. “ಮೋಸ! ಮೋಸ!” ಎಂದು ಕೂಗುತ್ತ ಜನ ಹೊರಗೆ ನಡೆದರು. ಭಾವ ಚಿಲಕವನ್ನು ಹಾಗೇ ಬಿಟ್ಟು, ಕೈ ಮುಗಿಯುತ್ತ ಅವರ ಹಿಂದೆ ಓಡಿದ.

“ಅಮ್ಮನ ಕಾಲು!”

ಮಗಳು ಓಡಿಬಂದು ಮೇಜಿನ ಕೆಳಗೆ ನುಗ್ಗಿದಳು. ಪುಟ್ಟ ತೋಳುಗಳು ಮೊಣಕಾಲನ್ನು ಬಿಗಿದಪ್ಪಿದವು. ತಾಯಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಬಗ್ಗಿ ನೋಡೋಣವೆಂದರೆ ಕತ್ತಿಗೆ ಹಲಗೆ. ಈಗ ಮಗಳೇ ಅವಳಿಗೆ ಕಾಣಿಸುತ್ತಿರಲಿಲ್ಲ. ಆಗ ಅವಳಿಗೆ ಗಾಜಿನ ನೆನಪಾಯಿತು.

“ಪುಟ್ಟೀ, ಚಪ್ಪಲಿ ಹಾಕ್ಕೊಂಡಿದ್ದೀಯಾ?”

“ಇಲ್ಲಮ್ಮ. ಕಾಲು ಉರೀತಿದೆ.”

“ಅಲ್ಲಾಡಬೇಡ ಕಂದಾ. ಹಾಗೇ ಹಿಡ್ಕೊಂಡಿರು.”

ಬರಿದಾದ ಡೇರೆಯಲ್ಲಿ ಆ ತಲೆ ಭಾವನನ್ನು ಒಂದೇ ಸಮನೆ ಕೂಗತೊಡಗಿತು.