ಕೆಳಗಿನ ಮನೆಯ ಮೀನು

ಗಂಡ ಆ ಗಾಜಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ ಚಂದ ನೋಡಿಯೇ ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೂಸನ್ನು ಕೈಗೆ ಕೊಟ್ಟರೂ ಈ ಮನುಷ್ಯ ಇಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

"ಬಿಸಿ ಇದೆ, ದಾರಿ ಬಿಡೇ."

"ದಾರಿ ಯಾವತ್ತೋ ಬಿಟ್ಟಾಗಿದೆ. ಎಲ್ಲಿಗೆ ಬೇಕಾದ್ರೂ ಹೋಗ್ತಾ ಇದೀರಲ್ಲ," ಅಂದಳು ಟೈಲರಕ್ಕ. ಹೊಲಿಗೆ ಯಂತ್ರದ ಚಕ್ರದ ಮೇಲಿಂದ ಕೈ ತೆಗೆಯಲಿಲ್ಲ.

ಅವನು ಕೇಳಿಸದವನ ಹಾಗೆ ಪಾತ್ರೆಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಘಮ್ಮೆಂದಿತು. ಒಳಗೆ ಬಿಳಿ ಮೀನಿನ ದಪ್ಪ ತುಂಡುಗಳು, ಅವುಗಳ ಮೇಲೆ ಹೊಂಬಣ್ಣದ ಹೊದಿಕೆ: ಬ್ರೆಡ್ಡಿನ ಪುಡಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಕಾಳುಮೆಣಸು, ಇನ್ನೂ ಏನೋ ಒಂದು. ಆ ಒಂದು ಏನೆಂದು ಅವಳ ನಾಲಗೆಗೆ ಸಿಗುತ್ತಲೇ ಇರಲಿಲ್ಲ. ಒಂದು ತುಂಡು ಬಾಯಿಗಿಟ್ಟಳು. ಮೇಲೆ ಗರಿಗರಿ, ಒಳಗೆ ಹೂವಿನ ಎಸಳಿನ ಹಾಗೆ ಬಿಚ್ಚಿಕೊಳ್ಳುವ ಮೀನು. ಗಂಡ ಅವಳ ಬಾಯಿಯನ್ನೇ ನೋಡುತ್ತ ಕೂತಿದ್ದ.

"ಹೇಗಿದೆ?"

ಪ್ರತಿ ಬುಧವಾರ ಇದೇ ಪ್ರಶ್ನೆ. ಇನ್ನೊಬ್ಬಳು ಮಾಡಿದ ಅಡುಗೆಯನ್ನು ಕಟ್ಟಿಕೊಂಡ ಹೆಂಡತಿಯ ಮುಂದಿಟ್ಟು ಹೇಗಿದೆ ಎಂದು ಕೇಳುವ ಗಂಡಸರು ಲೋಕದಲ್ಲಿ ಇನ್ನೆಷ್ಟು ಜನ ಇದ್ದಾರೋ!

"ಇದೆ," ಅಂದಳು.

ಈ ಉರಿ ಶುರುವಾದದ್ದು ಗಂಡ ಡ್ರೈವರಣ್ಣನ ಎದೆನೋವಿನಿಂದ. ಬದುಕಿಡೀ ಊರಿನ ಬಸ್ಸು ಓಡಿಸಿದವನು ಅವನು. ನಿವೃತ್ತನಾಗಿ ಕಾಲು ಚಾಚಿ ಕೂರುವ ಹೊತ್ತಿಗೆ ಎದೆ ಕೈಕೊಟ್ಟಿತು. ಡಾಕ್ಟರು ಕರಿದದ್ದು ಮುಟ್ಟಲೇಕೂಡದು ಎಂದುಬಿಟ್ಟರು. ಟೈಲರಕ್ಕನ ಕಿರೀಟ ಬಿದ್ದದ್ದು ಅಲ್ಲೇ. ಅವಳು ಮೀನು ಕರಿಯುವ ದಿನ ಆ ವಾಸನೆಗೆ ಕಟ್ಟಡದ ಜನವೆಲ್ಲ ಒಂದಲ್ಲ ಒಂದು ನೆಪ ಹುಡುಕಿಕೊಂಡು ಮೇಲೆ ಬರುತ್ತಿದ್ದರು. "ಅಕ್ಕಾ, ನನ್ನ ಬ್ಲೌಸು ಆಯ್ತಾ?" ಎಂದು ಬಟ್ಟೆಯನ್ನೇ ಕೊಡದವರೂ ಕೇಳುತ್ತಿದ್ದರು. ಈಗ ಬಾಣಲೆ ಅಟ್ಟಕ್ಕೇರಿತ್ತು. ಅವಳು ಮೀನನ್ನು ನೀರಲ್ಲಿ ಬೇಯಿಸಿಕೊಟ್ಟಳು. ಅವನು ಅದನ್ನು ಕಷಾಯ ಕುಡಿದ ಹಾಗೆ ಕಣ್ಣು ಮುಚ್ಚಿ ನುಂಗಿದ. ಅವಳೂ ಅದನ್ನೇ ನುಂಗಿದಳು.

ಆಗ ನಡುವೆ ಬಂದವಳು ಕೆಳಗಿನ ಮನೆಯ ಸಿಸ್ಟರಮ್ಮ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಗಂಡ ಇಲ್ಲ, ಮಕ್ಕಳಿಲ್ಲ. ಪೊರಕೆ ಕಡ್ಡಿಯ ಹಾಗೆ ಸಪೂರ ಮೈ, ಗಂಟೆಯಂಥ ಗಂಟಲು. "ಅಣ್ಣಾ, ನಮ್ಮನೇಲಿ ಓವನ್ ಇದೆ. ಒಂದು ಚಮಚ ಎಣ್ಣೆ ಸಾಕು. ಮೀನು ತಗೊಂಡು ಬುಧವಾರ ಬನ್ನಿ," ಎಂದಳು. ಅಣ್ಣ ಅಂದರೆ ಮುಗಿಯಿತೇ? ಬಾಯಲ್ಲಿ ಅಣ್ಣ ಎಂದವರೆಲ್ಲ ತಂಗಿಯರಾಗುವುದಾದರೆ ಊರಲ್ಲಿ ಜಗಳವೇ ಇರುತ್ತಿರಲಿಲ್ಲ ಎಂದುಕೊಂಡಳು ಟೈಲರಕ್ಕ.

ಆ ಸಿಸ್ಟರಮ್ಮನೇ ಸ್ವಲ್ಪ ದಿನದ ಹಿಂದೆ ಮೇಲೆ ಬಂದು ಒಂದು ಏಪ್ರನ್ ಹೊಲಿಸಿಕೊಂಡಿದ್ದಳು.

"ಅಳತೆ ಕೊಡಿ," ಎಂದು ಟೈಲರಕ್ಕ ಟೇಪು ಎತ್ತಿದರೆ, "ಅಳತೆ ಏನೂ ಬೇಡ ಅಕ್ಕ. ಸಡಿಲವಾಗೇ ಇರಲಿ. ಹಿಂದೆ ಕಟ್ಟೋ ದಾರ ಉದ್ದ ಇಡಿ," ಅಂದಿದ್ದಳು.

"ನಿಮ್ಮ ಸೊಂಟಕ್ಕೆ ಎರಡು ಸುತ್ತು ಬರುತ್ತೆ."

"ಬರಲಿ ಬಿಡಿ. ದಪ್ಪ ಆಗೋ ಆಸೆ ನನಗೂ ಇದೆ," ಎಂದು ನಕ್ಕಿದ್ದಳು. ನೀಲಿ ಚೌಕಳಿ ಬಟ್ಟೆ, ಎದೆಯ ಮೇಲೆ ಒಂದು ಜೇಬು. ಟೈಲರಕ್ಕ ಹೊಲಿದುಕೊಟ್ಟು ಮರೆತಿದ್ದಳು.

ಮರೆಯಲಾಗದ್ದು ತೋಳಿನ ಸುಕ್ಕು. ಡ್ರೈವರಣ್ಣನಿಗೆ ಸಮವಸ್ತ್ರದ ಕಾಲದಿಂದಲೂ ಮುಂಗೈವರೆಗೆ ಗುಂಡಿ ಹಾಕಿಕೊಳ್ಳುವ ಅಭ್ಯಾಸ. ಮನೆಯಲ್ಲಿ ನೀರಿನ ಲೋಟ ತೊಳೆಯಲಿಕ್ಕೂ ಅವನು ತೋಳು ಮಡಿಸಿದವನಲ್ಲ, ಯಾಕೆಂದರೆ ಲೋಟ ತೊಳೆದವನೇ ಅಲ್ಲ. ಆ ಬುಧವಾರ ರಾತ್ರಿ ಒಗೆಯಲು ಹಾಕಿದ ಅಂಗಿಯನ್ನು ಎತ್ತಿ ನೋಡಿದರೆ ಮೊಣಕೈಯವರೆಗೆ ನಾಲ್ಕು ಮಡಿಕೆಯ ಗುರುತು. ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿದ ತೋಳು! ಮನುಷ್ಯ ಸುಳ್ಳು ಹೇಳಿಯಾನು, ಬಟ್ಟೆ ಹೇಳುವುದಿಲ್ಲ. ನಮ್ಮನೆಯಲ್ಲಿ ಮಡಿಸದ ತೋಳನ್ನು ಅವಳ ಮನೆಯಲ್ಲಿ ಮಡಿಸುವಂಥದ್ದು ಏನಿದೆ? ಅವಳು ಅಂಗಿಯನ್ನು ಬಕೆಟ್ಟಿಗೆ ತುರುಕಿ, ಅದು ಏನೋ ತಪ್ಪು ಮಾಡಿದ ಹಾಗೆ ಒದೆದಳು.

ಆ ಹೊತ್ತೇ ತೀರ್ಮಾನ ಮಾಡಿದಳು. ಇವನಿಗೆ ಮೀನು ತಿನ್ನಿಸುವ ಕೈ ಯಾವುದು ಎಂಬುದು ಇತ್ಯರ್ಥವಾಗಬೇಕು. ಬುಧವಾರ ಬರುವುದರೊಳಗೆ ತಾನೇ ಅದನ್ನು ಮಾಡಿ, "ಇನ್ನು ಕೆಳಗೆ ಹೋಗೋದು ಬೇಡ" ಎಂದು ಅವನ ಬಾಯಿಂದಲೇ ಹೇಳಿಸಬೇಕು.

ಮನೆಯಲ್ಲಿ ಓವನ್ ಇರಲಿಲ್ಲ. ಆದರೆ ಬೀದಿ ಮೂಲೆಯ ಬೇಕರಿಯವನು ಸಂಜೆಯ ಬ್ರೆಡ್ಡು ಇಳಿಸಿದ ಮೇಲೆ, ಒಲೆ ಆರುವ ತನಕ, ಬೀದಿಯವರ ಪಾತ್ರೆಗಳನ್ನು ಒಳಗಿಡಲು ಬಿಡುತ್ತಿದ್ದ. ಟೈಲರಕ್ಕ ಒಳ್ಳೆಯ ಮೀನು ತಂದಳು, ತೊಳೆದಳು, ಉಪ್ಪು ಹಚ್ಚಿದಳು. ಒಣಗಿದ ಬ್ರೆಡ್ಡು ಪುಡಿ ಮಾಡಿ ಬೆಳ್ಳುಳ್ಳಿ, ಸೊಪ್ಪು, ಮೆಣಸು ಕಲಸಿದಳು. ಇನ್ನು ಹೊದಿಸುವ ಕೆಲಸ. ಇಲ್ಲಿ ಅವಳ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಬಿಚ್ಚಿದ ಅಂಚು ಕಂಡರೆ ಅವಳಿಗೆ ನಿದ್ದೆ ಬಾರದು. ಹೊದಿಕೆಯನ್ನು ದಪ್ಪಗೆ ಹರಡಿ, ಮೀನಿನ ಬದಿಗಳಲ್ಲಿ ಇಳಿಸಿ, ಅಡಿಗೆ ಮಡಚಿ, ಲಂಗದ ಅಂಚು ಹೊಲಿದ ಹಾಗೆ ಸುತ್ತಲೂ ಬೆರಳಿನಿಂದ ಒತ್ತಿದಳು. ಒಂದು ಕಡೆಯೂ ಬಿಳಿ ಕಾಣದ ಹಾಗೆ ಮುಚ್ಚಿದ ಮೇಲೆ ಸಮಾಧಾನವಾಯಿತು.

"ಏನಕ್ಕಾ, ಮೀನಿಗೆ ರಜಾಯಿ ಹೊಲಿದಿದೀರಾ?" ಅಂದ ಬೇಕರಿಯವನು.

"ನಿನ್ನ ಬ್ರೆಡ್ಡಿಗೂ ಒಂದು ಹೊಲಿದು ಕೊಡ್ಲಾ? ಸುಮ್ನೆ ಒಳಗಿಡಪ್ಪ."

ಮನೆಗೆ ತಂದು ಮುಚ್ಚಳ ತೆಗೆದಾಗ ಮೀನು ತನ್ನ ನೀರಿನಲ್ಲೇ ಈಜುತ್ತಿತ್ತು. ಹೊದಿಕೆ ಹಾಲಲ್ಲಿ ಬಿದ್ದ ಬಿಸ್ಕತ್ತಿನ ಹಾಗೆ ಮೆತ್ತಗಾಗಿ, ಚಮಚ ಹಾಕಿದೊಡನೆ ಜಾರಿ ಪಕ್ಕಕ್ಕೆ ಮಲಗಿತು. ಡ್ರೈವರಣ್ಣ ಒಂದು ತುತ್ತು ತಿಂದ. ಇನ್ನೊಂದು ತಿಂದ. ಪಾಪ, ಮೂರನೆಯದನ್ನೂ ತಿಂದ.

"ಹೇಗಿದೆ?" ಈ ಸಲ ಕೇಳುವ ಸರದಿ ಅವಳದು.

"ಚೆನ್ನಾಗಿದೆ. ಮೊದಲು ಮೀನನ್ನ ಬಟ್ಟೇಲಿ ಒರೆಸ್ಬೇಕಿತ್ತು. ಹೊದಿಕೆ ಮೇಲೆ ಮಾತ್ರ ಇರ್ಬೇಕು, ಬದಿ ಮುಚ್ಚಿದ್ರೆ ಹಬೆ ಹೋಗೋದೆಲ್ಲಿ?"

ಟೈಲರಕ್ಕ ಕೈಯಲ್ಲಿದ್ದ ಚಮಚ ಕೆಳಗಿಟ್ಟಳು.

"ಇದನ್ನೆಲ್ಲ ನಿಮಗೆ ಯಾರು ಹೇಳಿದ್ದು?"

ಡ್ರೈವರಣ್ಣ ಅನ್ನ ಕಲಸುತ್ತಲೇ ಇದ್ದ. "ಯಾರು ಹೇಳ್ಬೇಕು? ನೋಡಿದ್ರೆ ಗೊತ್ತಾಗುತ್ತೆ."

"ಓಹೋ. ಅಷ್ಟು ಹತ್ತಿರದಿಂದ ನೋಡ್ತೀರಾ?"

ಅವನು ಕೈ ತೊಳೆಯಲು ಎದ್ದುಹೋದ. ತೋಳು ಮಡಿಸದೆಯೇ ತೊಳೆದ. ಅದೂ ಅವಳ ಕಣ್ಣಿಗೆ ಬಿತ್ತು.

ಬುಧವಾರ ಅವನು ಮೀನಿನ ಚೀಲ ಹಿಡಿದು ಇಳಿದುಹೋದ ಮೇಲೆ ಟೈಲರಕ್ಕ ಯಂತ್ರದ ಮುಂದೆ ಕೂತಳು. ಒಂದು ಕಾಲರನ್ನು ತಲೆಕೆಳಗು ಹೊಲಿದಳು. ಬಿಚ್ಚಿದಳು. ಮತ್ತೆ ತಲೆಕೆಳಗೇ ಹೊಲಿದಳು. ಕೊನೆಗೆ ಎದ್ದು, ಹೋದ ವಾರದ ಗಾಜಿನ ಪಾತ್ರೆಯನ್ನು ನೆಪಕ್ಕೆ ಕೈಯಲ್ಲಿ ಹಿಡಿದು, ಚಪ್ಪಲಿ ಹಾಕದೆ ಮೆಟ್ಟಿಲಿಳಿದಳು. ಹೋಗಿ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಏನು ಕಾಣಬಹುದೆಂದು ಮಾತ್ರ ನೂರು ಸಲ ಕಂಡಾಗಿತ್ತು.

ಕೆಳಗಿನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ಸಿಸ್ಟರಮ್ಮನ ಗಂಟೆಯ ದನಿ: "ಮೆತ್ತಗೆ ಒತ್ತಿ, ಅಣ್ಣ! ಅದು ಬ್ರೇಕ್ ಅಲ್ಲ!"

ಟೈಲರಕ್ಕ ಇಣುಕಿದಳು. ಸಿಸ್ಟರಮ್ಮ ಕುರ್ಚಿಯಲ್ಲಿ ಕೂತು, ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಪೇಪರು ಓದುತ್ತಿದ್ದಳು. ಅಡುಗೆ ಕಟ್ಟೆಯ ಮುಂದೆ ನಿಂತಿದ್ದವನು ಡ್ರೈವರಣ್ಣ. ತೋಳು ಮೊಣಕೈವರೆಗೆ ಮಡಿಸಿತ್ತು. ಮೈಮೇಲೆ ನೀಲಿ ಚೌಕಳಿಯ ಏಪ್ರನ್. ಎಲ್ಲೂ ಬಿಗಿಯಿಲ್ಲ, ಸಡಿಲವಿಲ್ಲ. ಅವನ ಹೊಟ್ಟೆಗೇ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಕಿರಿದಾದ ತಿರುವಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗಿನ ಮುಖ ಮಾಡಿಕೊಂಡು ಅವನು ನಿಂಬೆಹಣ್ಣಿನ ಸಿಪ್ಪೆಯನ್ನು ಮೀನಿನ ಮೇಲೆ ತುರಿಯುತ್ತಿದ್ದ. ನಿಂಬೆ ಸಿಪ್ಪೆ! ನಾಲಗೆಗೆ ಸಿಗದಿದ್ದ ಆ ಇನ್ನೊಂದು ಅದೇ.

"ಬಿಳಿ ಭಾಗ ಬೇಡ, ಕಹಿ ಆಗುತ್ತೆ," ಎಂದು ಪೇಪರಿನ ಮೇಲಿಂದ ತಲೆಯೆತ್ತಿದ ಸಿಸ್ಟರಮ್ಮ ಬಾಗಿಲನ್ನು ಕಂಡು, "ಅಯ್ಯೋ, ಬಂದ್ರಲ್ಲ! ಅಣ್ಣ, ಸಿಕ್ಕಿಬಿದ್ರಿ," ಅಂದಳು.

ಡ್ರೈವರಣ್ಣನ ಕೈಯಿಂದ ನಿಂಬೆಹಣ್ಣು ಉರುಳಿ ಟೈಲರಕ್ಕನ ಕಾಲ ಹತ್ತಿರ ಬಂದು ನಿಂತಿತು.

"ಇಷ್ಟು ದಿನ ನಾನು ತಿಂದಿದ್ದು..." ಅವಳು ಕೈಯಲ್ಲಿದ್ದ ಗಾಜಿನ ಪಾತ್ರೆಯನ್ನೇ ನೋಡಿದಳು.

"ಮೊದಲನೇ ವಾರ ಮಾತ್ರ ನಾನು ಮಾಡಿದ್ದು, ಅಕ್ಕ. ಆಮೇಲೆಲ್ಲ ಇವರದೇ. ಮನೇಲಿ ಮಾಡಿ ಅಂದ್ರೆ, ಅಡುಗೆಮನೆಗೆ ಕಾಲಿಟ್ರೆ ಕಾಲು ಮುರೀತಾಳೆ ಅಂತಾರೆ."

"ನಾನೆಲ್ಲಿ ಹಾಗಂದೆ!"

"ನೀನೇ ಅಂದಿದ್ದೆ," ಅಂದ ಡ್ರೈವರಣ್ಣ ಮೆಲ್ಲಗೆ. "ಒಂದು ಸಲ ಸೌಟು ಮುಟ್ಟಿದ್ದಕ್ಕೆ." ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು, ನೆಲ ನೋಡುತ್ತ ಹೇಳಿದ: "ನನಗೆ ಕರಿದದ್ದು ಬೇಡ ಅಂದ್ರು ಡಾಕ್ಟ್ರು. ನಿನಗೇನೂ ಅನ್ಲಿಲ್ಲವಲ್ಲ. ಆದ್ರೂ ನೀನು ಆ ಸಪ್ಪೆನೇ ತಿಂತಾ ಇದ್ದೆ. ನೋಡೋಕಾಗ್ಲಿಲ್ಲ. ನೀನೊಂದು ಸಲ ಚೆನ್ನಾಗಿದೆ ಅಂದ್ರೆ ಹೇಳಿಬಿಡೋಣ ಅಂತಿದ್ದೆ. ನೀನು ಅನ್ಲೇ ಇಲ್ಲ."

ಟೈಲರಕ್ಕನಿಗೆ ಕಣ್ಣು ತುಂಬಿ ಬರಬೇಕಿತ್ತು, ಬಂತು. ಆದರೆ ಅದರ ಹಿಂದೆಯೇ ಆ ಹಳೆಯ ಉರಿಯೂ ಬಂತು. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ಮೊದಲ ಸಲ ತೋಳು ಮಡಿಸಿದ್ದು ಇನ್ನೊಬ್ಬಳ ಅಡುಗೆಮನೆಯಲ್ಲಿ. ಮೊದಲು ಬೈಸಿಕೊಂಡದ್ದು, ಕಹಿ ಮಾಡಿದ್ದು, ಸುಟ್ಟದ್ದು, ಕಲಿತದ್ದು ಎಲ್ಲ ಆ ಕುರ್ಚಿಯ ಮುಂದೆ. ಅವಳ ಪಾಲಿಗೆ ಬಂದದ್ದು ಬರೀ ಬೆಂದ ಮೀನು.

ನಿಂಬೆಹಣ್ಣನ್ನು ಎತ್ತಿ ಕಟ್ಟೆಯ ಮೇಲಿಟ್ಟಳು. "ಮುಂದಿನ ವಾರ ನಮ್ಮನೇಲಿ ಮಾಡಿ," ಅಂದಳು. "ಓವನ್‌ಗೆ ಬೇಕರಿಯವನಿದಾನೆ."

"ಕಾಲು?"

"ಕಾಲು ಮುರಿಯೋದು ಬಿಡೋದು ಆಮೇಲೆ ನೋಡೋಣ. ಆ ಏಪ್ರನ್ ತಗೊಂಡೇ ಬನ್ನಿ. ಸಿಸ್ಟರಮ್ಮ, ನಿಮಗೆ ನಿಮ್ಮ ಅಳತೆದು ಬೇರೆ ಹೊಲಿದುಕೊಡ್ತೀನಿ."

ಮುಂದಿನ ಬುಧವಾರ ಟೈಲರಕ್ಕ ತನ್ನ ಅಡುಗೆಮನೆಯ ಹೊಸಿಲ ಮೇಲೆ ಕೈಕಟ್ಟಿ ಕೂತಳು. ಅವನು ಅವಳ ಚಾಕು ಹಿಡಿದ, ಅವಳ ಮಣೆ ಎಳೆದ, ಉಪ್ಪಿನ ಡಬ್ಬಿ ಹುಡುಕುತ್ತ ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು ಹಾಗೇ ಬಿಟ್ಟ. ಬಾಯಿಯವರೆಗೆ ಬಂದದ್ದನ್ನೆಲ್ಲ ಅವಳು ನುಂಗಿಕೊಂಡಳು, ಒಂದು ಸಲ ಮಾತ್ರ "ಒರೆಸೋ ಬಟ್ಟೆ ಅದಲ್ಲ, ಅದು ನೆಲದ್ದು!" ಎಂದು ಕಿರುಚಿದಳು. ಮೀನು ಒರೆಸಿ, ಹೊದಿಕೆಯನ್ನು ಮೇಲೆ ಮಾತ್ರ ಹರಡಿ, ಇಬ್ಬರೂ ಪಾತ್ರೆ ಹಿಡಿದು ಬೇಕರಿಗೆ ಹೋದರು. ಬೇಕರಿಯವನು ಬಗ್ಗಿ ನೋಡಿ, "ಈ ಸಲ ರಜಾಯಿ ಇಲ್ಲ, ಬರೀ ಟೋಪಿ," ಅಂದ.

ರಾತ್ರಿ ಊಟಕ್ಕೆ ಕೂತಾಗ ಮೀನು ಹೊಂಬಣ್ಣಕ್ಕೆ ಬಂದಿತ್ತು. ಅವನು ಹೇಗಿದೆ ಎಂದು ಕೇಳಲಿಲ್ಲ, ಸುಮ್ಮನೆ ಅವಳ ಬಾಯಿ ನೋಡಿದ.

"ಚೆನ್ನಾಗಿದೆ ರೀ," ಅಂದಳು ಟೈಲರಕ್ಕ. ಇಷ್ಟು ವಾರದಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದ್ದ ಮಾತು ಸಲೀಸಾಗಿ ಹೊರಗೆ ಬಂತು. ಅವನ ಕಿವಿ ಕೆಂಪಾಯಿತು.

"ಸಿಸ್ಟರಮ್ಮನಿಗೂ ಕೊಡ್ಬೇಕಲ್ಲ," ಅಂದ. "ಕಲಿಸಿದ ಗುರು."

"ಕೊಡದೆ ಇರ್ತೀನಾ? ಅವರ ಪಾತ್ರೆ ಖಾಲಿ ಕಳಿಸ್ಬಾರದು."

ತೊಳೆದಿಟ್ಟ ಗಾಜಿನ ಪಾತ್ರೆಯನ್ನು ತಂದಳು. ಮಧ್ಯದ ದಪ್ಪ ತುಂಡೊಂದನ್ನು ಚಮಚದಲ್ಲಿ ಎತ್ತಿದಳು, ಒಂದು ಗಳಿಗೆ ಯೋಚಿಸಿದಳು, ಅದನ್ನು ಗಂಡನ ತಟ್ಟೆಗೆ ಹಾಕಿದಳು. ಬಾಲದ ತುಂಡನ್ನು ಪಾತ್ರೆಯಲ್ಲಿಟ್ಟು ನೀಟಾಗಿ ಮುಚ್ಚಿದಳು.

"ಕೊಡು ಇಲ್ಲಿ, ನಾನು ಹೋಗಿ ಕೊಟ್ಟು ಬರ್ತೀನಿ," ಎಂದು ಎದ್ದವನನ್ನು ಭುಜ ಒತ್ತಿ ಕೂರಿಸಿದಳು.

"ನೀವು ತಿನ್ನಿ. ನಾನೇ ಹೋಗ್ತೀನಿ."