ಬಾಗಿಲಿಗೆ ಅಡ್ಡ ಕೂತ ಮಾತ್ರೆ

ನಮ್ಮ ಮನೆಯಲ್ಲಿ ಜಗಳದ ತೀರ್ಪು ಕೊಡುವುದು ಬಿ.ಪಿ. ಯಂತ್ರ. ನಾನು ಎರಡು ಮಾತು ಜೋರಾಗಿ ಆಡಿದರೆ ಸಾಕು, ಯಜಮಾನರು ಅದರ ಪಟ್ಟಿಯನ್ನು ನನ್ನ ತೋಳಿಗೆ ಸುತ್ತುತ್ತಿದ್ದರು. "ನೂರಾ ಅರವತ್ತೈದು. ಹೋಗಿ ಮಲಕ್ಕೋ," ಎಂದರೆ ನನ್ನ ಕೇಸು ವಜಾ. ನನಗೂ ಅಷ್ಟು ಹೊತ್ತಿಗೆ ಎದೆ ಡವಗುಟ್ಟಿ, ಕೈ ನಡುಗಿ, ಆಡಬೇಕಾದ ಮಾತು ಅಳುವಾಗಿ ಬಿಡುತ್ತಿತ್ತು. ಇಷ್ಟು ನಡುಗುವವಳದ್ದೇ ತಪ್ಪಿರಬೇಕು ಎಂದು ಇಪ್ಪತ್ತೆರಡು ವರ್ಷ ನಾನೂ ನಂಬಿದ್ದೆ.

ಈ ಸಲದ ಜಗಳ ಮುಂದಿನ ಕೋಣೆಗಾಗಿ. ಅಲ್ಲಿ ಕಿಟಕಿಯ ಬೆಳಕಿದೆ, ನನ್ನ ಹೊಲಿಗೆ ಮಿಷನ್ ಇದೆ. ಆ ಕೋಣೆಯನ್ನು ನನ್ನ ಮೈದುನನ ಅಂಗಡಿಯ ಟೈಲ್ಸ್ ಇಡಲು ಕೊಡುವುದಾಗಿ ಯಜಮಾನರು ಮಾತು ಕೊಟ್ಟಿದ್ದರು. "ನಿನ್ನ ಮಿಷನ್ ಅಡುಗೆಮನೆ ಮೂಲೇಲಿ ಹಿಡಿಸುತ್ತೆ." ಯಂತ್ರ ಎಂದಿನಂತೆ ಅವರ ಪರವಾಗಿಯೇ ನುಡಿಯಿತು. ಗೆದ್ದ ಉತ್ಸಾಹದಲ್ಲಿ ನನ್ನನ್ನು ಡಾಕ್ಟರಮ್ಮನ ಬಳಿಗೂ ಕರೆದೊಯ್ದರು.

"ಸಿಟ್ಟು ಬಂದಾಗ ಅಡ್ರಿನಲಿನ್ ಅನ್ನೋ ಹಾರ್ಮೋನು ಬಂದು ಹೃದಯದ ಬಾಗಿಲು ಬಡಿಯುತ್ತೆ, ಓಡು ಓಡು ಅಂತ," ಎಂದರು ಡಾಕ್ಟರಮ್ಮ. "ಈ ಬೀಟಾ ಬ್ಲಾಕರ್ ಮಾತ್ರೆ ಆ ಬಾಗಿಲಿಗೆ ಅಡ್ಡ ಕೂತಿರುತ್ತೆ. ಹೃದಯ ನಿಧಾನ ಬಡಿಯುತ್ತೆ, ಬಿ.ಪಿ. ಇಳಿಯುತ್ತೆ, ಕೈನಡುಕಾನೂ ಕಮ್ಮಿ. ನೀವಾಗೇ ನಿಲ್ಲಿಸಬೇಡಿ."

"ಅಂದ್ರೆ ಸಿಟ್ಟು ಹೋಗುತ್ತೆ," ಯಜಮಾನರ ಮುಖ ಅರಳಿತು.

"ಅದಕ್ಕೆ ನಾನು ಮಾತ್ರೆ ಬರೆದಿಲ್ಲ."

ಯಜಮಾನರು ಆಗಲೇ ತಮ್ಮನಿಗೆ ಫೋನ್ ಹಚ್ಚಿದ್ದರು. ಮುಂದಿನ ತಿಂಗಳು ಟೈಲ್ಸ್ ತರಬಹುದು, ಅತ್ತಿಗೆ ಅಷ್ಟರಲ್ಲಿ ಹಸುವಿನಂತಾಗಿರುತ್ತಾಳೆ.

ತಿಂಗಳ ನಂತರ ಮೈದುನ ಟೆಂಪೋ ತಂದು ನಿಲ್ಲಿಸಿದ. ನಾನು ಮಿಷನ್ ಬಿಟ್ಟು ಏಳಲಿಲ್ಲ. ಸಿಟ್ಟು ಎಂದಿನಷ್ಟೇ ಇತ್ತು. ಎದೆಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

"ಈ ಕೋಣೆ ಕೊಡಲ್ಲಪ್ಪ. ನಿಮ್ಮಣ್ಣ ನನ್ನ ಕೇಳದೆ ಒಪ್ಕೊಂಡಿದಾರೆ. ಟೈಲ್ಸ್ ಅವರ ಮಂಚದ ಕೆಳಗೆ ಹಿಡಿಸುತ್ತೆ ನೋಡು."

ಯಜಮಾನರು ಯಂತ್ರ ತರಲು ಓಡಿದರು. ನಾನೇ ತೋಳು ಚಾಚಿದೆ. ನೂರಾ ಇಪ್ಪತ್ತಾರು, ನಾಡಿ ಅರವತ್ತೆರಡು. ಇನ್ನೊಂದು ತೋಳಿಗೂ ಸುತ್ತಿ ನೋಡಿದರು. ಅಲ್ಲೂ ನ್ಯಾಯ ಸಿಗಲಿಲ್ಲ.

"ಅತ್ತಿಗೆ ಸರಿಯಾಗೇ ಹೇಳ್ತಿದಾರಲ್ಲಣ್ಣ," ಎಂದ ಮೈದುನ, ಟೆಂಪೋ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ. "ನೀನು ಯಾಕೆ ಬೆವರ್ತಿದೀಯ?"

ಯಜಮಾನರು ಹಜಾರದಲ್ಲಿ ಡಾಕ್ಟರಮ್ಮನಿಗೆ ಫೋನಿನಲ್ಲಿ ದೂರು ಕೊಡುತ್ತಿದ್ದರು: "ಅಳೋದೇ ಬಿಟ್ಟಿದಾಳೆ, ಡೋಸು ಜಾಸ್ತಿಯಾಯ್ತೇನೋ." ನಾನು ಎದ್ದು ಕೋಣೆಯ ಬಾಗಿಲು ಹಾಕಿಕೊಂಡೆ. ಶಾಲೆಯ ಹನ್ನೆರಡು ಅಂಗಿಗಳಿಗೆ ಇನ್ನೂ ಕಾಲರ್ ಕೂರಿಸಬೇಕಿತ್ತು.