ಬಂಡೆಯ ಮೇಲೆ ಚಿರತೆ ಮರಿ

ಪ್ರಾಣಿದಯಾ ಸಂಘಕ್ಕೆ ಐವತ್ತು ವರ್ಷ ತುಂಬಿತಂತೆ. ಗೋಡೆ ತುಂಬ ಕಾಡುಪ್ರಾಣಿಗಳ ಫೋಟೋ ತೂಗುಹಾಕಿ, ಸಂಘ ಬೆಳೆದ ಕಥೆಯನ್ನು ದಪ್ಪ ಪುಸ್ತಕ ಮಾಡಿ, ಬಂದವರ ಕೈಲೆಲ್ಲ ಹೊಗಳಿಸಿಕೊಳ್ಳುತ್ತಿದ್ದರು. ನಾನು ಹೋಗಿದ್ದು ಹೊಗಳೋಕಲ್ಲ. ಅಮ್ಮ ತೀರಿಹೋಗಿ ತಿಂಗಳಾಗಿತ್ತು, ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಅವಳು ದುಡಿದ ಜಾಗದಲ್ಲಾದರೂ ಒಂದು ಇರಬಹುದು ಅಂತ ಕೇಳೋಕೆ ಹೋಗಿದ್ದೆ.

ಗುರುತಿನ ಚೀಟಿಯಲ್ಲಿದ್ದ ಮುಖ ಬಟ್ಟೆ ಜೊತೆ ಒಗೆದು ಅಳಿಸಿಹೋಗಿತ್ತು. ಸ್ಟುಡಿಯೋಗೆ ಬಾ ಅಂದರೆ, ದಿನಾ ಕ್ಯಾಮೆರಾ ಮುಂದೆ ಬಿದ್ದಿರೋದೇ ಸಾಕಾಗಿದೆ ಕಣೇ, ಅಲ್ಲೇ ಒಂದು ಕೇಳಿ ತರ್ತೀನಿ ಅಂತಿದ್ದಳು. ಕೇಳೋ ಜನವೇ ಅವಳು?

ತಾಯಿ ಸತ್ತ ಮರಿಗಳಿಗೆ ಸೀಸೆಯಲ್ಲಿ ಹಾಲು ಕುಡಿಸಿ ಸಾಕೋದು ಅಮ್ಮನ ಕೆಲಸ. ಫೋಟೋ ತೆಗೆಯೋದು ಸಂಘದ ಯಜಮಾನರು. ಫೋಟೋದಲ್ಲಿ ಮನುಷ್ಯರ ಸುಳಿವೂ ಇರಬಾರದು ಅನ್ನೋದು ಅವರ ಹಟ. ಮರಿಗಳೋ, ನಿಜವಾದ ಬಂಡೆ ಮೇಲೆ ಕೂರಿಸಿದರೆ ಕಿರುಚಿಕೊಂಡು ಅಮ್ಮನ ಹತ್ತಿರ ಓಡುತ್ತಿದ್ದವು. ಅದಕ್ಕೆ ಅಮ್ಮನನ್ನೇ ಬೋರಲು ಮಲಗಿಸಿ, ಬೂದು ಕಂಬಳಿ ಹೊದಿಸಿ, ಮೇಲೆ ಒಣ ಎಲೆ ಎರಚುತ್ತಿದ್ದರು. ಬೆನ್ನು ಬೆಚ್ಚಗಿರುತ್ತಲ್ಲ, ಮರಿ ಹತ್ತಿ ಹಾಯಾಗಿ ಕೂರೋದು. ನೋಡಿದವರು ಯಜಮಾನರು ಕಾಡಲ್ಲಿ ಉಪವಾಸ ಕಾದು ತೆಗೆದದ್ದು ಅಂದುಕೊಂಡು ಕೈಬಿಚ್ಚಿ ದೇಣಿಗೆ ಕೊಟ್ಟರು. ಸಂಘ ಬೆಳೆದದ್ದು ಹಾಗೆ.

ಉಗುರಿಗೆ ಸಿಕ್ಕಿ ಹರಿದ ಕಂಬಳಿ ನನ್ನ ಹತ್ತಿರವೇ ಬರೋದು. ನಾನು ಟೈಲರ್. ಪ್ಯಾಂಟಿನ ಬಟ್ಟೆಯಲ್ಲಿ ತೇಪೆ ಹಾಕಿ ಕೊಡುತ್ತಿದ್ದೆ.

ಸಂಘದ ಬಾಗಿಲಿಗೆದುರಾಗಿಯೇ ದೊಡ್ಡ ಫೋಟೋ. ಬಂಡೆಯ ಮೇಲೆ ವಿಶ್ರಮಿಸುತ್ತಿರುವ ಚಿರತೆ ಮರಿ ಅಂತ ಕೆಳಗೆ ಬರೆದಿತ್ತು. ಮರಿಯ ಬಾಲದ ಪಕ್ಕದಲ್ಲೇ ನನ್ನ ತೇಪೆ.

ಈಗ ಸಂಘ ನೋಡಿಕೊಳ್ಳೋದು ಯಜಮಾನರ ಮಗ. ಕೆಟ್ಟವನಲ್ಲ, ಅದೇ ಇನ್ನೂ ಕಷ್ಟ. ಅಂಗಿತೋಳು ಮಡಚಿ, ನನ್ನ ಜೊತೆ ಕಪಾಟುಗಳನ್ನೆಲ್ಲ ಜಾಲಾಡಿದ. ನರಿ, ನೀರುನಾಯಿ, ಕರಡಿ, ಎಲ್ಲಕ್ಕೂ ಮುಖವಿತ್ತು. ಕೆಲಸದವರೆಲ್ಲ ನಿಂತ ಒಂದು ಫೋಟೋ ಸಿಕ್ಕಿತು. ಆ ಹೊತ್ತಿಗೆ ಅಮ್ಮ ಮರಿಗೆ ಹಾಲು ಕಾಯಿಸೋಕೆ ಹೋಗಿದ್ದಳಂತೆ.

ಹಾಗಾದರೆ ಬಾಗಿಲಲ್ಲಿರೋ ಫೋಟೋದ ಕೆಳಗೆ ಅವಳ ಹೆಸರಾದರೂ ಬರೆಸು ಅಂದೆ. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಅಕ್ಕಾ, ಅದು ಬಂಡೆ ಅಲ್ಲ ಅಂತ ಗೊತ್ತಾದ್ರೆ ಉಳಿದ ಫೋಟೋನೂ ಯಾರೂ ನಂಬಲ್ಲ. ಮರಿಗಳ ಹೊಟ್ಟೆಗೆ ಏನು ಹಾಕ್ಲಿ, ನೀವೇ ಹೇಳಿ."

ಮಾತಿಗೆ ಮರಿಗಳನ್ನು ಎಳೆತಂದುಬಿಟ್ಟ. ಅಮ್ಮ ಇದ್ದಿದ್ದರೆ ಅವನ ಪರವಾಗಿಯೇ ಮಾತಾಡುತ್ತಿದ್ದಳು. ಕೊನೆಗೆ ಆ ಫೋಟೋದ್ದೇ ಒಂದು ಪ್ರತಿಯನ್ನು ಚೌಕಟ್ಟು ಹಾಕಿಸಿ, ಕಾಗದ ಸುತ್ತಿ ಕೈಗಿಟ್ಟ. ಬೇಡ ಅಂತ ಅವನ ಮುಖದ ಮೇಲೆ ಎಸೆದು ಬರಬೇಕಿತ್ತು. ಎದೆಗವಚಿಕೊಂಡು ಬಂದೆ.

ಮನೆಯಲ್ಲಿ ಅಪ್ಪ ಕಾಯುತ್ತಿದ್ದರು. ಒಂದು ತಿಂಗಳಿಂದ ಅವರು ಕೇಳಿದ್ದು ಅದೊಂದೇ, ಅವಳ ಮುಖ ನೋಡಬೇಕು ಅಂತ. ಕಾಗದ ಬಿಚ್ಚಿ ಅವರ ತೊಡೆಯ ಮೇಲಿಟ್ಟೆ. ಇಷ್ಟೇ ಅಪ್ಪ ಸಿಕ್ಕಿದ್ದು ಅಂದೆ. ಅವರು ಮರಿಯನ್ನು ನೋಡಲೇ ಇಲ್ಲ. ಬಂಡೆಯ ಎಡತುದಿಯಲ್ಲಿ, ಕಂಬಳಿ ತಲೆಯಷ್ಟು ಉಬ್ಬಿದ ಕಡೆ ಬೆರಳಿಟ್ಟರು.

"ಉಸಿರು ಕಟ್ಟುತ್ತೆ ಕಣೇ," ಅಂದರು, "ಮುಖದ ಮೇಲಿಂದ ಆ ಕಂಬಳೀನ ಸರಿಸು ಅನ್ನು ಅವಳಿಗೆ."